ಇನ್ನೊಬ್ಬರ ಹುಚ್ಚು ಹಿಡಿಸಿಕೊಳ್ಳುವುದು ಹೇಗೆ

ಇತಿಹಾಸ ಅಂದರೆ ನನಗೆ ಆಕಳಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಇಸವಿಗಳನ್ನು ಅಂಗೈ ಮೇಲೆ ಬರೆದುಕೊಂಡು ಹೋದವಳು ನಾನು. ಅಂಥವಳ ಫೋನಿನಲ್ಲಿ ಈಗ ಮಕ್ಕಳ ಫೋಟೋಗಿಂತ ವೀರಗಲ್ಲಿನ ಫೋಟೋನೇ ಜಾಸ್ತಿ. ಇದಕ್ಕೆಲ್ಲ ಕಾರಣ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಸಾರ್. ಊಟದ ಡಬ್ಬಿ ತೆರೆಯುವ ಮೊದಲೇ ಶಾಸನದ ಮಾತು ತೆಗೆಯುವ ಮನುಷ್ಯ.

ನಿಮ್ಮ ಸುತ್ತಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಕ್ಕಿ, ಹಳೇ ನಾಣ್ಯ, ರೇಡಿಯೋ ರಿಪೇರಿ, ಏನೋ ಒಂದು ಹುಚ್ಚು. ಆದರೆ ಯಾರ ಹಿಂದೆ ಹೋಗಬೇಕು ಅನ್ನುವುದನ್ನು ಸ್ವಲ್ಪ ನೋಡಿಕೊಳ್ಳಿ. ತಮ್ಮನ್ನೇ ತೋರಿಸಿಕೊಳ್ಳುವವರು ಬೇರೆ, ತಾವು ಕಂಡದ್ದನ್ನು ತೋರಿಸುವವರು ಬೇರೆ. ಅವರಿಗೆ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. ಮೊದಲನೆಯವರು ಮಾತು ತಿರುಗಿಸುತ್ತಾರೆ. ಸಾರ್ ಮಾತ್ರ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಗೊತ್ತಿಲ್ಲ ಕಣಮ್ಮಾ, ಭಾನುವಾರ ಹೋಗಿ ನೋಡೋಣ್ವಾ?" ಅಂದರು.

ಕರೆದಾಗ ಸುಮ್ನೆ ಹೋಗಿಬಿಡಿ. ಓದಿಕೊಂಡು ಹೋಗಬೇಡಿ. ತಯಾರಿ ಮಾಡಿಕೊಂಡು ಹೋದರೆ ನೀವು ಅವರ ಮುಂದೆ ಪರೀಕ್ಷೆ ಬರೆಯುತ್ತೀರಿ, ಅಷ್ಟೇ.

ನಾವು ಹೋಗಿದ್ದು ಬೇಗೂರಿಗೆ, ನಾಗೇಶ್ವರ ದೇವಸ್ಥಾನಕ್ಕೆ. ಅಲ್ಲೊಂದು ಶಾಸನ ಇದೆ, ಸುಮಾರು ಕ್ರಿ.ಶ. 890ರದ್ದು. ಗಂಗರ ಕಾಲದ್ದು. "ಬೆಂಗಳೂರಿನ ಕಾಳಗದಲ್ಲಿ" ಒಬ್ಬ ಸತ್ತ ಅಂತ ಅದರಲ್ಲಿ ಬರೆದಿದೆ. ನನಗೆ ಮೊದಲು ಕಂಡಿದ್ದು ಬರೀ ಕಲ್ಲು. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಕಲ್ಲು ಅರ್ಥವಾಗದಿದ್ದರೆ ಮನುಷ್ಯನನ್ನು ನೋಡಿ. ಸಾರ್ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಒಂದೇ ಸಾಲಿನ ಮೇಲೆ ಬೆರಳು ಆಡಿಸುತ್ತಿದ್ದರು, ತಾಗಿಸದೆ. "ಇದು ಯಾವ ಕಾಲದ್ದು" ಅಂತ ಕೇಳಿದ್ದರೆ ಇಸವಿ ಸಿಗುತ್ತಿತ್ತು. ನಾನು "ಸಾರ್, ಇದರಲ್ಲಿ ನಿಮಗೇನು ಇಷ್ಟ?" ಅಂದೆ. "ನೋಡಮ್ಮಾ, ಬೆಂದ ಕಾಳು ತಿಂದ ವೀರಬಲ್ಲಾಳ ಹುಟ್ಟೋಕೆ ಮುಂಚೇನೇ ಊರಿಗೆ ಈ ಹೆಸರಿತ್ತು. ಕತೆ ಕಟ್ಟಿದವರು ಈ ಕಲ್ಲು ನೋಡಿರಲಿಲ್ಲ" ಅಂತ ಮಗುವಿನ ಹಾಗೆ ನಕ್ಕರು. ನನಗೆ ಕಲ್ಲಿಗಿಂತ ಮೊದಲು ಹಿಡಿಸಿದ್ದು ಆ ನಗು.

ಆಮೇಲೆ ಒಂದು ಸಣ್ಣ ಕೆಲಸ ಕೇಳಿ ಪಡೆಯಿರಿ. ನೋಡುತ್ತಾ ನಿಂತರೆ ಕಾಲು ನೋಯುತ್ತದೆ. ನನಗೆ ಸಿಕ್ಕಿದ್ದು ಟಾರ್ಚ್ ಹಿಡಿಯುವ ಕೆಲಸ. ನೇರವಾಗಿ ಬಿಟ್ಟರೆ ಏನೂ ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ, ಕಲ್ಲಿಗೆ ಸವರುವ ಹಾಗೆ ಬಿಡಬೇಕು. ಕೊರೆದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಬೆಳಿಗ್ಗೆ, ಸಂಜೆ ಓರೆ ಬಿಸಿಲಿನಲ್ಲೂ ಹಾಗೇ. "ಚಾಕ್‌ಪೀಸ್ ತಿಕ್ಕಿದರೆ ಇನ್ನೂ ಚೆನ್ನಾಗಿ ಕಾಣುತ್ತೆ ಅಲ್ವಾ?" ಅಂದಿದ್ದಕ್ಕೆ ಸರಿಯಾಗಿ ಬೈಸಿಕೊಂಡೆ. ಕಲ್ಲು ಸವೆಯುತ್ತದಂತೆ. ಟಾರ್ಚ್ ಸ್ವಲ್ಪ ಬಗ್ಗಿಸಿದಾಗ ಕಮಾನಿನಂಥ ಒಂದು ಅಕ್ಷರ ಕಂಡಿತು. "ಗ" ಅಲ್ವಾ ಸಾರ್? ಹೌದು, "ಗ"! ಸಾವಿರ ವರ್ಷ ಹಿಂದಿನವನ ಕೈಬರಹ ಓದಿದೆ, ಒಂದೇ ಅಕ್ಷರ ಆದರೂ.

ಇಲ್ಲಿ ನಾನು ಒಂದು ದಡ್ಡತನ ಮಾಡಿದೆ. ಮರುದಿನವೇ ಹಳಗನ್ನಡದ ದಪ್ಪ ನಿಘಂಟು ಕೊಂಡೆ. ಆರು ತಿಂಗಳು ಅದರ ಮೇಲೆ ಇಸ್ತ್ರಿ ಬಟ್ಟೆ ಇಟ್ಟಿದ್ದೆವು. ದುಡ್ಡು ಖರ್ಚು ಮಾಡಿದ ಕೂಡಲೇ ಕಲಿತಷ್ಟೇ ಸಮಾಧಾನ ಆಗಿಬಿಡುತ್ತದೆ. ತಡೆಯಿರಿ.

ಅವರಿಗೆ ಇಷ್ಟವಾದದ್ದೆಲ್ಲ ನಿಮಗೆ ಇಷ್ಟವಾಗಬೇಕಿಲ್ಲ. ಸಾರ್‌ಗೆ ದಾನಶಾಸನಗಳ ಎಲ್ಲೆಕಟ್ಟು ಬಲು ಪ್ರೀತಿ: ಮೂಡಲು ಹುಣಸೆಮರ, ಪಡುವಲು ಕೆರೆ. ನನಗೆ ನಿದ್ದೆ ಬರುತ್ತದೆ, ಹಾಗಂತ ಹೇಳಿಯೂ ಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ನಿಂಗೆ ಕಾಳಿ ಸರಿ" ಅಂತ ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಕಳಿಸಿದರು.

ಕಾಳಿ ಒಂದು ನಾಯಿ. ಅದರ ನೆನಪಿಗೆ ನಿಲ್ಲಿಸಿದ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಆ ಮ್ಯೂಸಿಯಂನಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ನಡೆಯಿತು. ಮಣಲೆರ ಅನ್ನುವವನು ಚೆನ್ನಾಗಿ ಹೋರಾಡಿದ. ಅವನ ರಾಜ ಮೆಚ್ಚಿ, ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ, ಕಾಳಿ ಅನ್ನುವ ಬೇಟೆನಾಯಿ! ಆಮೇಲೆ ಅದು ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡರೆ ಪಾಪ ಅಂತ ಪೂಜೆ ಮಾಡುವ ಗೊರವನಿಗೆ ಕಟ್ಟುಪಾಡೂ ಬರೆಸಿದ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಮುಖಾಮುಖಿ ನಿಂತಿವೆ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ನಮ್ಮ ಮನೆ ನಾಯಿ ಸತ್ತು ಆಗ ಮೂರು ತಿಂಗಳಾಗಿತ್ತು.

ಅಂದು ರಾತ್ರಿ ಮೊದಲ ಸಲ ಯಾರೂ ಹೇಳದೆ ಹುಡುಕಿದೆ. ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಸಾಹೇಬರು ಹೊರತಂದ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳು ನೆಟ್ಟಿನಲ್ಲಿ ಸಿಗುತ್ತವೆ. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ. ನಿಮ್ಮ ಊರಿನದ್ದನ್ನು ತೆಗೆದು ನೋಡಿ. ಹಾಗೆ ಒಬ್ಬರೇ ಕೂತು ಹುಡುಕುವ ರಾತ್ರಿ ಬರುವವರೆಗೆ ಆಸಕ್ತಿ ಅವರದ್ದೇ, ನಿಮ್ಮದಲ್ಲ.

ಇನ್ನೊಂದು ಮಾತು. ಭಾನುವಾರದ ತಿರುಗಾಟದಲ್ಲಿ ತಿಂಡಿ ದುಡ್ಡು ನೀವೇ ಕೊಡಿ. ಸಾರ್ ಎರಡು ಸಲ ಬಿಡಲಿಲ್ಲ. ಮೂರನೇ ಸಲ ಬಿಟ್ಟರು, ಎರಡು ಪ್ಲೇಟ್ ವಡೆ ಜಾಸ್ತಿ ಹೇಳಿ.