ಚೆಕ್ ಬರದ ಬಾಡಿಗೆ ಸಹಾಯ

ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತದಲ್ಲಿ, ಕೆಲಸಕ್ಕೆ ಸೇರಿದ ಮೊದಲ ವಾರ. ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಹೆಚ್‌ಆರ್‌ಎ, ಹೆಚ್‌ಆರ್‌ಎ. ಅಪ್ಪನ ಸಂಬಳದ ಚೀಟಿಯಲ್ಲಿ ಡಿಎ ಕೆಳಗೆ ಇರುತ್ತಿದ್ದ ಹೆಚ್‌ಆರ್‌ಎ ಅಂದುಕೊಂಡು ನಾನೂ ತಲೆಯಾಡಿಸಿದೆ. ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಯಿತು, ಇಲ್ಲಿ ಹಾಗಂದರೆ ಹೌಸಿಂಗ್ ರೆವೆನ್ಯೂ ಅಕೌಂಟ್. ಕೌನ್ಸಿಲ್ ತನ್ನ ಮನೆಗಳ ಬಾಡಿಗೆಯನ್ನೆಲ್ಲ ಹಾಕಿಡುವ ಪ್ರತ್ಯೇಕ ಖಾತೆ. ಸೋರುವ ಛಾವಣಿ ರಿಪೇರಿ ಆಗುವುದು ಈ ದುಡ್ಡಿನಿಂದಲೇ.

ನಾನು ಹೌಸಿಂಗ್ ಬೆನಿಫಿಟ್ ಅಸೆಸರ್. ಬಾಡಿಗೆ ಕಟ್ಟಲು ಆಗದವರ ಅರ್ಜಿ ನೋಡಿ, ಎಷ್ಟು ಸಹಾಯ ಸಿಗಬೇಕು ಅಂತ ಲೆಕ್ಕ ಹಾಕುವ ಕೆಲಸ. ತಿಪಟೂರಿನಲ್ಲಿರುವ ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದ್ದು ಹೀಗೆ.

"ಮನೆ ಯಾರದ್ದು?"

"ಕೌನ್ಸಿಲ್‌ದು."

"ಬಾಡಿಗೆ ಯಾರಿಗೆ ಕಟ್ಟಬೇಕು?"

"ಕೌನ್ಸಿಲ್‌ಗೆ."

"ಸಹಾಯ ಕೊಡೋರು?"

"ಕೌನ್ಸಿಲ್‌ನೋರೇ ಅಮ್ಮ."

"ಹಂಗಾದ್ರೆ ಬಾಡಿಗೇನೇ ಬೇಡ ಅಂದ್ಬಿಟ್ರೆ ಆಗಲ್ವೇನೇ?"

ಒಳ್ಳೆ ಪ್ರಶ್ನೆ, ಅಲ್ವಾ? ಕೌನ್ಸಿಲ್ ಕೊಟ್ಟ ಹಣವನ್ನು ಲಂಡನ್ನಿನಲ್ಲಿರುವ ಸರ್ಕಾರ ಸಬ್ಸಿಡಿಯಾಗಿ ತುಂಬಿಕೊಡುತ್ತದೆ. ಬಾಡಿಗೆ ಮನ್ನಾ ಮಾಡಿದರೆ ಆ ಸಬ್ಸಿಡಿ ಬರುವುದಿಲ್ಲ, ಛಾವಣಿ ರಿಪೇರಿಗೂ ದುಡ್ಡಿರುವುದಿಲ್ಲ. 1982ರ ಕಾಯ್ದೆಯಿಂದ ಬಂದ ಏರ್ಪಾಡು ಇದು. ಖಾಸಗಿ ಮನೆಯಲ್ಲಿ ಇರುವವರಿಗೆ ಹಣ ಬ್ಯಾಂಕಿಗೋ ಮಾಲೀಕರಿಗೋ ಹೋಗುತ್ತದೆ. ಕೌನ್ಸಿಲ್ ಮನೆಯವರಿಗೆ ಹಾಗಲ್ಲ. ಅವರ ಬಾಡಿಗೆ ಖಾತೆಯಲ್ಲಿ ಒಂದು ಸಾಲು ಜಮಾ ಆಗುತ್ತದೆ, ಅಷ್ಟೇ. ಅದಕ್ಕೆ ರಿಬೇಟ್ ಅಂತಲೇ ಹೆಸರು. ಕೈಗೆ ಕಾಸು ಬರದ ಸಹಾಯ ನಿಂತುಹೋದರೂ ತಕ್ಷಣ ಗೊತ್ತಾಗುವುದಿಲ್ಲ. ಬಾಕಿ ನೋಟಿಸ್ ಬಂದಾಗಲೇ ಗೊತ್ತಾಗುವುದು.

2019ರ ಅಕ್ಟೋಬರ್‌ನಲ್ಲಿ ನನ್ನ ಕೌಂಟರ್ ಸರದಿಯ ದಿನ ಒಬ್ಬ ಗುಜರಾತಿ ಅಜ್ಜ ಬಂದರು. ವಯಸ್ಸು 74. 1972ರಲ್ಲಿ ಉಗಾಂಡಾದಿಂದ ಹೊರಹಾಕಿಸಿಕೊಂಡು ಬಂದವರು. ಹೆಂಡತಿ ತೀರಿಕೊಂಡಿದ್ದರು. ಕೌನ್ಸಿಲ್ ಫ್ಲ್ಯಾಟು, ವಾರಕ್ಕೆ 84 ಪೌಂಡ್ ಬಾಡಿಗೆ. ಆದಾಯ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ಕೊಡುವ ಪೆನ್ಷನ್ ಕ್ರೆಡಿಟ್ ಬರುತ್ತಿದ್ದರಿಂದ ಅಷ್ಟೂ ಬಾಡಿಗೆಗೆ ಬೆನಿಫಿಟ್ ಇತ್ತು. ಚೀಲದಿಂದ ಕಾಗದಗಳನ್ನು ತೆಗೆದು ತಾರೀಖಿನ ಪ್ರಕಾರ ಜೋಡಿಸಿಟ್ಟರು. ಮೇಲಿದ್ದದ್ದು ಮನೆ ವಾಪಸ್ ಪಡೆಯುವ ನೋಟಿಸ್. ಅದನ್ನು ಕಳಿಸಿದ್ದು ನಮ್ಮದೇ ಕಟ್ಟಡದ ಮೂರನೇ ಮಹಡಿ. ಬಾಕಿಗೆ ಕಾರಣ ನಾವು, ಎರಡನೇ ಮಹಡಿಯವರು.

ನನ್ನ ಹರಕು ಹಿಂದಿಯಲ್ಲಿ ಕೇಳಿದೆ, "ಮನೇಲಿ ಯಾರ್ಯಾರು ಮಲಗ್ತೀರಿ?" ಈ ಕೆಲಸದಲ್ಲಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ. ಆದಾಯ ಎಷ್ಟು ಅಂತ ಕೇಳಿದರೆ ಜನ ಹೆದರುತ್ತಾರೆ. ಇದಕ್ಕೆ ಆರಾಮಾಗಿ ಉತ್ತರಿಸುತ್ತಾರೆ. ಫೈಲಿನ ಅರ್ಧ ಗಂಟು ಬಿಚ್ಚಿಕೊಳ್ಳುವುದೂ ಇಲ್ಲೇ.

ಜುಲೈಯಲ್ಲಿ ಮಗ ವಾಪಸ್ ಬಂದಿದ್ದ. ಗಂಡ ಹೆಂಡತಿ ಬೇರೆಯಾಗಿದ್ದರು. ಅಜ್ಜ ಪ್ರಾಮಾಣಿಕವಾಗಿ ಕಾಗದ ಬರೆದಿದ್ದರು: ಮಗ ನನ್ನ ಜೊತೆ ಇದ್ದಾನೆ, ವೇರ್‌ಹೌಸಿನಲ್ಲಿ ಕೆಲಸ ಮಾಡುತ್ತಾನೆ. ಮನೆಯಲ್ಲಿ ದುಡಿಯುವ ಇನ್ನೊಬ್ಬರಿದ್ದರೆ ಅವರೂ ಬಾಡಿಗೆಗೆ ಕೈಜೋಡಿಸುತ್ತಾರೆ ಅಂತ ಕಾನೂನು ಅಂದುಕೊಳ್ಳುತ್ತದೆ. ಹಾಗಾಗಿ ಬೆನಿಫಿಟ್‌ನಲ್ಲಿ ಅಷ್ಟು ಕಡಿತ. ಅವರು ಒಂದು ಪೆನ್ನಿ ಕೊಡದಿದ್ದರೂ ಕಡಿತ ಕಡಿತವೇ. ಸಂಬಳ ಎಷ್ಟಿದ್ದರೆ ಎಷ್ಟು ಕಡಿತ ಅಂತ ಪಟ್ಟಿಯಿದೆ. ನಮ್ಮವರು ಮಗನ ಪೇ ಸ್ಲಿಪ್ ಕೇಳಿದ್ದರು. ಅವನು ಕೊಟ್ಟಿರಲಿಲ್ಲ. ಸರಿ, ಪಟ್ಟಿಯ ತುತ್ತತುದಿಯ ದರ ಹಾಕಿಬಿಟ್ಟರು. ಆ ವರ್ಷ ಅದು ವಾರಕ್ಕೆ 100 ಪೌಂಡ್ ದಾಟಿತ್ತು. 84 ಪೌಂಡ್ ಬಾಡಿಗೆಯಲ್ಲಿ 100 ಕಳೆದರೆ ಉಳಿಯುವುದೇನು? ಬೆನಿಫಿಟ್ ಸೊನ್ನೆ. 13 ವಾರಕ್ಕೆ 1,092 ಪೌಂಡ್ ಬಾಕಿ.

ಮಗನ ಕೆಲಸ ವಾರಕ್ಕೆ 20 ಗಂಟೆ, ಸಂಬಳ ಸುಮಾರು 165 ಪೌಂಡ್. ಪೇ ಸ್ಲಿಪ್ ತಂದರೆ ಕಡಿತ 36 ಪೌಂಡಿನ ಆಸುಪಾಸಿಗೆ ಇಳಿಯುತ್ತದೆ. ನಾನೂ ಅದನ್ನೇ ಹೇಳಿ ಕಳಿಸುವವಳಿದ್ದೆ. ಅಷ್ಟರಲ್ಲಿ ಹುಟ್ಟಿದ ತಾರೀಖಿನ ಮೇಲೆ ಕಣ್ಣು ಬಿತ್ತು. 65 ದಾಟಿದ ಬಾಡಿಗೆದಾರರ ಮನೆಗೆ ಹೀಗೆ ಯಾರಾದರೂ ಬಂದು ಸೇರಿದರೆ ಕಡಿತ ತಕ್ಷಣ ಶುರುವಾಗಬಾರದು. 26 ವಾರ ಬಿಡಬೇಕು. ಹಿರಿಯರಿಗೆಂದೇ ಇರುವ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ಮಗ ಬಂದ ವಾರದಿಂದಲೇ ನಮ್ಮವರು ಕತ್ತರಿಸಿದ್ದರು. ಅಂದರೆ ಪೇ ಸ್ಲಿಪ್ಪಿನ ಮಾತು ಆಮೇಲೆ, ಜನವರಿಯವರೆಗೆ ಒಂದು ಪೌಂಡ್ ಕೂಡ ಕಡಿಯುವ ಹಾಗಿರಲಿಲ್ಲ.

ನಮ್ಮವರು ಕೆಟ್ಟವರಲ್ಲ. ಆದರೆ ಸಬ್ಸಿಡಿಯ ಲೆಕ್ಕ ತಲೆಯ ಮೇಲೆ ಕೂತಿರುತ್ತದೆ. ಕೌನ್ಸಿಲ್‌ನ ತಪ್ಪಿನಿಂದ ಅಥವಾ ತಡದಿಂದ ಜಾಸ್ತಿ ಕೊಟ್ಟ ಹಣ, ಸರಿಯಾಗಿ ಕೊಟ್ಟದ್ದರ ಶೇ. 0.48ರೊಳಗೆ ಇದ್ದರೆ ಸರ್ಕಾರ ಅದನ್ನೂ ಪೂರ್ತಿ ತುಂಬಿಕೊಡುತ್ತದೆ. ಅಲ್ಲಿಂದ 0.54ರವರೆಗೆ ಶೇ. 40 ಮಾತ್ರ. ಅದನ್ನೂ ಮೀರಿದರೆ ಏನೂ ಇಲ್ಲ, ನಷ್ಟ ಕೌನ್ಸಿಲ್‌ನದ್ದೇ. ಹಾಗಾಗಿ ಯಾರೋ ಮನೆಗೆ ಬಂದರು ಅನ್ನುವ ಕಾಗದ ಕಂಡ ಕೂಡಲೇ ಕತ್ತರಿ ಹಾಕುವ ಅಭ್ಯಾಸ. ಜಾಸ್ತಿ ಕೊಟ್ಟರೆ ಮೇಲಿನವರು ಕೇಳುತ್ತಾರೆ. ಕಡಿಮೆ ಕೊಟ್ಟರೆ ಈ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಕಾಣುವುದು ಅಜ್ಜನ ಚೀಲದಲ್ಲಿ. ಈ ವ್ಯವಸ್ಥೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಮೇಲ್ಮನವಿಗೆ ಇರುವ ಒಂದು ತಿಂಗಳು ಮುಗಿದುಹೋಗಿತ್ತು. ಆದರೆ ಕಚೇರಿಯದ್ದೇ ತಪ್ಪಾದರೆ ತೀರ್ಮಾನವನ್ನು ನಾವೇ ತಿದ್ದಬಹುದು. ಅರ್ಧ ಪುಟದ ಟಿಪ್ಪಣಿ ಬರೆದೆ, ನಿಯಮದ ಸಂಖ್ಯೆ ಹಾಕಿದೆ, ಮೂರನೇ ಮಹಡಿಗೆ ಹತ್ತಿ ಹೋಗಿ ನೋಟಿಸ್ ತಡೆಯಿರಿ ಅಂದೆ. ಇಮೇಲ್ ಕಳಿಸಬಹುದಿತ್ತು. ಆದರೆ ಎದುರಿಗೆ ಹೋಗಿ ನಿಂತರೆ ಕೆಲಸ ಬೇಗ ಆಗುತ್ತದೆ. ಇದು ಮಾತ್ರ ನಮ್ಮೂರ ತಾಲ್ಲೂಕು ಕಚೇರಿಗೂ ಇಲ್ಲಿಗೂ ಒಂದೇ.

ಇನ್ನೊಂದು ವಿಷಯ. ಅಜ್ಜ ಎದ್ದು ನಿಲ್ಲುವಾಗ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕೇಳಿದರೆ ಎರಡು ವರ್ಷದ ಮಂಡಿನೋವು, ಮಗನೇ ಸ್ನಾನ ಮಾಡಿಸುತ್ತಾನಂತೆ. ಇನ್ನೊಬ್ಬರ ಆರೈಕೆ ಬೇಕಾದ ಹಿರಿಯರಿಗೆ ಸಿಗುವ ಭತ್ಯೆ, ಅಟೆಂಡೆನ್ಸ್ ಅಲೋವೆನ್ಸ್‌ಗೆ ಅರ್ಜಿ ಹಾಕಿಲ್ಲ. ಅದು ಮಂಜೂರಾದರೆ ಮಗ ಎಷ್ಟೇ ದುಡಿಯಲಿ, ಕಡಿತ ಪೂರ್ತಿ ಹೋಗುತ್ತದೆ. ಅರ್ಜಿ ತುಂಬಿಕೊಡಲು ಸಲಹಾ ಕೇಂದ್ರಕ್ಕೆ ಅಲ್ಲಿಂದಲೇ ಫೋನ್ ಮಾಡಿದೆ. ಡಿಸೆಂಬರ್‌ನಲ್ಲಿ ಮಂಜೂರಾಯಿತು. ಜನವರಿಯಲ್ಲಿ ಕಡಿತ ಶುರುವಾಗಲೇ ಇಲ್ಲ.

ಈಗ ಇಂಥ ಫೈಲುಗಳೇ ಜಾಸ್ತಿ. ದುಡಿಯುವ ವಯಸ್ಸಿನವರ ಹೊಸ ಅರ್ಜಿಗಳು 2018ರ ಕೊನೆಯ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಹಲವು ಸಹಾಯಗಳನ್ನು ಒಂದಾಗಿಸಿ ಸರ್ಕಾರವೇ ನೇರವಾಗಿ ಕೊಡುವ ಯೋಜನೆಗೆ, ಹೋದವು. ನಮಗೆ ಉಳಿದವರು ಹಿರಿಯರು, ತಾತ್ಕಾಲಿಕ ವಸತಿಯಲ್ಲಿ ಇರುವವರು, ಆರೈಕೆ ಇರುವ ವಸತಿಗಳವರು.

ತಿದ್ದಿದ ಮುಂದಿನ ವಾರವೇ ಅಜ್ಜ ಮತ್ತೆ ಬಂದರು. "ಬೇಟಾ, ಸಾವಿರ ಪೌಂಡ್ ಕೊಟ್ಟಿದ್ದೀವಿ ಅಂತ ಕಾಗದ ಬಂದಿದೆ. ಚೆಕ್ ಎಲ್ಲಿ?" ಚೆಕ್ ಬರುವುದಿಲ್ಲ ಅಂದೆ. ಬಾಡಿಗೆ ಖಾತೆಯ ವಿವರ ಪ್ರಿಂಟ್ ತೆಗೆದು, ಸೋಮವಾರದ ತಾರೀಖಿನ ಮುಂದೆ ಜಮಾ ಆಗಿದ್ದ 1,092ರ ಸುತ್ತ ಪೆನ್ನಿನಲ್ಲಿ ಗೋಲ ಹಾಕಿ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು. ಅದರ ಪಕ್ಕ ಕಚೇರಿಯ ಸೀಲ್ ಹೊಡೆದುಕೊಡಿ ಅಂದರು. ಹಾಗೆ ಸೀಲ್ ಹೊಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಡ್ರಾಯರ್ ಹುಡುಕಿ, 'ಸ್ವೀಕರಿಸಲಾಗಿದೆ' ಅನ್ನುವ ಸೀಲ್ ಸಿಕ್ಕಿತು, ಅದನ್ನೇ ಹೊಡೆದುಕೊಟ್ಟೆ.