ಪಗಾರದ ಅಂದಾಜಿಗೆ ರಿಗ್ರೆಶನ್: ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನಿದ್ದಾಗ, ಹೊಸದಾಗಿ ಸೇರುವವರ ಪಗಾರ ಪ್ರತಿ ಸಲವೂ ಚೌಕಾಸಿಯಲ್ಲೇ ಗೊತ್ತಾಗುತ್ತಿತ್ತು. ಇರುವ ನೌಕರರ ವಯಸ್ಸು, ಅನುಭವ, ವಿದ್ಯಾರ್ಹತೆಗಳನ್ನು ಆಧರಿಸಿ ಆದಾಯವನ್ನು ಅಂದಾಜು ಮಾಡಬಲ್ಲ ಸಮೀಕರಣವೊಂದನ್ನು ಮಲ್ಟಿಪಲ್ ಲೀನಿಯರ್ ರಿಗ್ರೆಶನ್ ವಿಧಾನದಿಂದ ಕಟ್ಟಲು ನಾನು ಮುಂದಾದದ್ದು ಆ ಕಾರಣಕ್ಕೆ. ಎಕ್ಸೆಲ್‌ನ ಅನಾಲಿಸಿಸ್ ಟೂಲ್‌ಪ್ಯಾಕ್ ಇದಕ್ಕೆ ಸಾಕಾಯಿತು.

ಮೊದಲ ತಪ್ಪು ಆದಾಯದ ಕಾಲಮ್‌ನಲ್ಲೇ ಆಯಿತು. ಕೈಗೆ ಸಿಕ್ಕ ಮಾರ್ಚ್ ತಿಂಗಳ ಪಗಾರ ಪಟ್ಟಿಯನ್ನೇ ಬಳಸಿದ್ದೆ. ವರ್ಷಾಂತ್ಯದ ರವಾನೆಗಾಗಿ ಆ ತಿಂಗಳು ಓವರ್‌ಟೈಮ್ ಹೆಚ್ಚು. ಅದಕ್ಕೆ ಆಗಿದ್ದ 1948ರ ಕಾರ್ಖಾನೆ ಕಾಯ್ದೆಯಂತೆ ಇಮ್ಮಡಿ ದರವಿತ್ತು. ಹೀಗಾಗಿ ರಾತ್ರಿ ಯಾರು ಹೆಚ್ಚು ಹೊತ್ತು ಉಳಿದರೆಂಬುದೇ ಕೌಶಲದ ಬೆಲೆಯಂತೆ ಕಾಣತೊಡಗಿತು. ಹನ್ನೆರಡು ತಿಂಗಳ ಪಗಾರದಿಂದ ಓವರ್‌ಟೈಮ್ ಕಳೆದು, ಸರಾಸರಿ ತೆಗೆದು ಮತ್ತೆ ಆರಂಭಿಸಿದೆ.

ವಿದ್ಯಾರ್ಹತೆಯನ್ನು ಎಸ್ಸೆಸ್ಸೆಲ್ಸಿ, ಐಟಿಐ, ಡಿಪ್ಲೊಮಾ ಎಂದು ವಿಂಗಡಿಸಿ 0 ಅಥವಾ 1 ತುಂಬುವಾಗ ಎರಡೇ ಕಾಲಮ್ ಇಡಬೇಕು. ಮೂರನ್ನೂ ಇಟ್ಟರೆ ಅವುಗಳ ಮೊತ್ತ ಎಲ್ಲರಿಗೂ 1 ಆಗಿ, ಸಮೀಕರಣದ ಸ್ಥಿರಪದದೊಂದಿಗೆ (ಎಲ್ಲರಿಗೂ ಸಮನಾಗಿ ಸೇರುವ ಸಂಖ್ಯೆ) ಬೆರೆತು ಎರಡನ್ನೂ ಬೇರ್ಪಡಿಸಲಾಗದು.

ನನ್ನನ್ನು ಬಹಳ ದಿನ ಕಾಡಿದ್ದು ವಯಸ್ಸಿನ ಸಹಗುಣಕ, ಅಂದರೆ ಸಮೀಕರಣದಲ್ಲಿ ವಯಸ್ಸನ್ನು ಗುಣಿಸುವ ಸಂಖ್ಯೆ. ಅದು ಋಣಾತ್ಮಕವಾಗಿ ಬಂದಿತ್ತು. ಹಾಳೆಯನ್ನು ನೋಡಿದ ಹಿರಿಯ ಟರ್ನರ್ ಒಬ್ಬರು, "ಅಂದ್ರ ವಯಸ್ಸಾದಂಗ ಪಗಾರ ಕಡಿಮಿ ಆಗತೈತೇನ್ರೀ ಸರ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇಂಥ ಸಮೀಕರಣದಲ್ಲಿ ಒಂದು ಸಹಗುಣಕವು ಉಳಿದೆಲ್ಲ ಚರಗಳು (ಇಲ್ಲಿ ಅನುಭವ, ವಿದ್ಯಾರ್ಹತೆ) ಬದಲಾಗದೆ ಇದ್ದಾಗ ಆ ಒಂದು ಚರ ಬೀರುವ ಪರಿಣಾಮವನ್ನು ಹೇಳುತ್ತದೆ. ಆದರೆ ನಮ್ಮಲ್ಲಿ ಬಹುತೇಕರು ಓದು ಮುಗಿದೊಡನೆ ಕೆಲಸಕ್ಕೆ ಸೇರಿದವರಾದ್ದರಿಂದ, ಅನುಭವ ಒಂದೇ ಇದ್ದು ವಯಸ್ಸು ಮಾತ್ರ ಬೇರೆಯಿರುವವರು ಬೆರಳೆಣಿಕೆಯಷ್ಟಿದ್ದರು, ಮತ್ತು ಆ ಕೆಲವರ ಪಗಾರವೇ ಚಿಹ್ನೆಯನ್ನು ನಿರ್ಧರಿಸಿತ್ತು. ವಯಸ್ಸನ್ನು ಉಳಿದ ಚರಗಳ ಮೇಲೆ ರಿಗ್ರೆಶನ್ ಮಾಡಿ, ಅಂದರೆ ಅವುಗಳಿಂದ ವಯಸ್ಸನ್ನೇ ಅಂದಾಜು ಮಾಡಿ, ಆರ್ ವರ್ಗವನ್ನು (ಸಮೀಕರಣ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದರ 0ಯಿಂದ 1ರವರೆಗಿನ ಅಳತೆ) ನೋಡಿದೆ. ಅದು 0.9 ಇದ್ದರೆ ಒಂದು ಚರ ಉಳಿದವುಗಳೊಂದಿಗೆ ಎಷ್ಟು ಬೆಸೆದುಕೊಂಡಿದೆ ಎಂದು ತೋರಿಸುವ ವಿಐಎಫ್ ಎಂಬ ಅಳತೆ 1 ÷ (1 − 0.9), ಅಂದರೆ 10 ಆಗುತ್ತದೆ, ನಮ್ಮದು ಅದನ್ನೂ ಮೀರಿತ್ತು. ವಯಸ್ಸನ್ನು ಕೈಬಿಟ್ಟೆ. ಅನುಭವದ ಸಹಗುಣಕದ ಪ್ರಮಾಣಿತ ದೋಷ, ಅಂದರೆ ಅದರ ಅನಿಶ್ಚಿತತೆಯ ಅಳತೆ, ಕೂಡಲೇ ಇಳಿಯಿತು.

ಪಗಾರ ಹೆಚ್ಚಿದಂತೆಲ್ಲ ಅಂದಾಜಿನ ತಪ್ಪೂ ಬೀಸಣಿಗೆಯಂತೆ ಹರಡುತ್ತಿದ್ದುದರಿಂದ ರೂಪಾಯಿಯ ಬದಲು ಅದರ ಸ್ವಾಭಾವಿಕ ಲಾಗರಿದಮ್ ಬಳಸಿದೆ. ಆಗ ಅನುಭವದ ಸಹಗುಣಕ 0.05 ಎಂದರೆ ವರ್ಷಕ್ಕೆ ಸುಮಾರು ಶೇ. 5 ಏರಿಕೆ ಎಂದು ಓದಬಹುದು, 0.2ರಷ್ಟು ದೊಡ್ಡದಾದರೆ ಅದು ಶೇ. 20 ಅಲ್ಲ, ಶೇ. 22.

ಕೊನೆಗೆ ಶೇಷಗಳನ್ನು, ಅಂದರೆ ನಿಜವಾದ ಪಗಾರಕ್ಕೂ ಅಂದಾಜಿಗೂ ಇರುವ ಅಂತರವನ್ನು, ಒಬ್ಬೊಬ್ಬರದಾಗಿ ನೋಡಿದೆ. ಅಂದಾಜಿಗಿಂತ ಬಹಳ ಮೇಲಿದ್ದವರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು. ಆ ಕೌಶಲಕ್ಕೆ ನನ್ನ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಅದನ್ನು ಸೇರಿಸಿದ ಮೇಲೆ ಅಂತರ ತಗ್ಗಿತು. ಕೆಳಗೆ ಉಳಿದವರಲ್ಲಿ ತಪಾಸಣೆ ವಿಭಾಗದ ಹೆಣ್ಣುಮಕ್ಕಳೇ ಹೆಚ್ಚಿದ್ದರು. ಹೆಣ್ಣು-ಗಂಡು ಎಂಬ ಕಾಲಮ್ ಸೇರಿಸಿದರೆ ಆರ್ ವರ್ಗ ಏರುತ್ತಿತ್ತು, ಆದರೆ ಮುಂದೆ ಸೇರುವ ಹೆಣ್ಣುಮಕ್ಕಳಿಗೂ ಅದೇ ಕಡಿಮೆ ಪಗಾರವನ್ನು ಸಮೀಕರಣ ಸೂಚಿಸುತ್ತಿತ್ತು. ಸಮಾನ ಕೆಲಸಕ್ಕೆ ಸಮಾನ ವೇತನವನ್ನು 1976ರಲ್ಲೇ ಕಾಯ್ದೆ ಕಡ್ಡಾಯ ಮಾಡಿತ್ತು. ಆದ್ದರಿಂದ ಆ ಕಾಲಮ್ ಹಾಕಿ ಅಂತರವನ್ನು ಅಳೆದೆ, ಅಂದಾಜಿನ ಸಮೀಕರಣದಿಂದ ಅದನ್ನು ತೆಗೆದೆ, ಅಳೆದ ಹಾಳೆಯನ್ನು ಪಗಾರ ಪರಿಷ್ಕರಣೆಯ ಸಭೆಗೆ ಪ್ರತ್ಯೇಕವಾಗಿ ಒಯ್ದೆ.