ಟ್ಯೂಬ್ ಬಾಗಿಸುವ ಮೊದಲು ಒಂದು ತುಂಡು ಹಾಳು ಮಾಡಿ

ಕುರ್ಚಿಯ ಬೆನ್ನಿಗೆಂದು ಉಕ್ಕಿನ ಟ್ಯೂಬ್ ಬಾಗಿಸಲು ಹೋಗಿ, ತಿರುವಿನ ಜಾಗದಲ್ಲಿ ಅದು ತುಳಿದ ಡಬ್ಬಿಯ ಹಾಗೆ ಚಪ್ಪಟೆಯಾದದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ನೋಡಿದ್ದು ನನ್ನದೇ ಕೈಯಲ್ಲಿ. ಆಗ ಎಲ್ಲರೂ ಬೈಯುವುದು ಟ್ಯೂಬನ್ನು, 'ಮಾಲು ಸರಿಯಿಲ್ಲ' ಅಂತ. ಬಹಳಷ್ಟು ಸಲ ಮಾಲು ಸರಿಯಾಗಿಯೇ ಇರುತ್ತದೆ. ತಪ್ಪಿದ್ದು ಬೆಂಡರ್, ಅಂದರೆ ಬಾಗಿಸುವ ಯಂತ್ರ, ಆರಿಸಿದ್ದರಲ್ಲಿ, ಇಲ್ಲವೇ ಅದರ ಗುಣ ತಿಳಿಯದೆ ನೇರ ಕೆಲಸಕ್ಕೆ ಇಳಿದದ್ದರಲ್ಲಿ.

ಪೈಪೋ ಟ್ಯೂಬೋ, ಮೊದಲು ಅಳೆಯಿರಿ

1 ಇಂಚಿನ ಪೈಪ್ ಮತ್ತು 1 ಇಂಚಿನ ಟ್ಯೂಬ್ ಒಂದೇ ಅಲ್ಲ. ಟ್ಯೂಬಿನ ಹೊರ ಅಳತೆ ನಿಜಕ್ಕೂ 25.4 ಮಿ.ಮೀ. ನೀರಿನ ಪೈಪಿನದು ಹೆಚ್ಚುಕಡಿಮೆ 33.5 ಮಿ.ಮೀ. ಪೈಪಿಗೆ ಹೆಸರು ಬಂದದ್ದು ಒಳಗಿನ ತೂತಿನಿಂದ, ಟ್ಯೂಬಿಗೆ ಹೊರಮೈಯಿಂದ. ಬೆಂಡರ್‌ನ ಡೈ, ಅಂದರೆ ಟ್ಯೂಬಿಗೆ ತಿರುವಿನ ಆಕಾರ ಕೊಡುವ ಅಚ್ಚು, ಹಿಡಿಯುವುದು ಹೊರಮೈಯನ್ನು. ಹಾಗಾಗಿ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಡೈ ಕೊಳ್ಳಲು ಹೋಗಬೇಡಿ. 25 ಮಿ.ಮೀ ಟ್ಯೂಬನ್ನು 1 ಇಂಚಿನ ಡೈಗೆ ಹಾಕಿದರೂ 0.4 ಮಿ.ಮೀ ಸಡಿಲ ಉಳಿಯುತ್ತದೆ. ಟ್ಯೂಬ್ ಆ ಸಂದಿಗೆ ಹರಡಿಕೊಂಡು ಮೊಟ್ಟೆಯಾಕಾರಕ್ಕೆ ಬರುತ್ತದೆ.

ಯಾವ ಬೆಂಡರ್?

ಹೊಸಬರು ಮೊದಲು ಬೀಳುವುದು ಹೈಡ್ರಾಲಿಕ್ ಜ್ಯಾಕ್ ಇರುವ ಬೆಂಡರ್‌ಗೆ. ನೋಡಲು ಗಟ್ಟಿಮುಟ್ಟು, ಜೊತೆಗೆ ಆರೆಂಟು ಅಚ್ಚು ಬೇರೆ. ಆದರೆ ಅದು ಪೈಪಿಗಾಗಿ ಮಾಡಿದ್ದು, ಅಚ್ಚುಗಳೂ ಪೈಪಿನ ಅಳತೆಯವು. ಎರಡು ಕಡೆ ರೋಲರ್ ಆಧಾರ ಕೊಟ್ಟು ನಡುವೆ ಗುದ್ದಿ ತಳ್ಳುತ್ತದೆ. ದಪ್ಪ ಪೈಪ್ ಅದನ್ನು ತಡೆದುಕೊಳ್ಳುತ್ತದೆ, ತೆಳು ಟ್ಯೂಬ್ ಕುಸಿಯುತ್ತದೆ. ಡಬ್ಬದ ಮೇಲೆ 'ಎಲ್ಲ ಬಗೆಯ ಟ್ಯೂಬಿಗೂ' ಅಂತ ಬರೆದಿದ್ದರೆ ನಂಬಬೇಡಿ. ನಾನು ನಂಬಿದ್ದೆ. ಈಗ ಅದರ ಜ್ಯಾಕ್ ಬೇರೆ ಕೆಲಸಕ್ಕೆ ಬರುತ್ತಿದೆ, ಉಳಿದದ್ದು ಮೂಲೆಯಲ್ಲಿದೆ.

ಮೂರು ರೋಲರ್‌ನ ಬೆಂಡರ್ ದೊಡ್ಡ ಕಮಾನುಗಳಿಗೆ ಚೆನ್ನ, ಬಿಗಿ ತಿರುವಿಗೆ ಆಗದು.

ಮನೆಯ ಕೆಲಸಕ್ಕೆ ನನ್ನ ಮತ ರೋಟರಿ ಡ್ರಾ ಬೆಂಡರ್‌ಗೇ. ಇದರಲ್ಲಿ ಟ್ಯೂಬಿನ ಒಂದು ಬದಿಯನ್ನು ಕೊಕ್ಕೆ ಹಿಡಿದಿರುತ್ತದೆ. ಡೈ ತಿರುಗುತ್ತಾ ಟ್ಯೂಬನ್ನು ತನ್ನ ತೋಡಿನೊಳಗೆ ಎಳೆದುಕೊಳ್ಳುತ್ತದೆ, ಹೊರಗಿನಿಂದ ಒಂದು ಉದ್ದನೆಯ ಬ್ಲಾಕ್ ಒತ್ತಿ ಹಿಡಿಯುತ್ತದೆ. ನಾಲ್ಕೂ ಕಡೆ ಆಧಾರ ಇರುವುದರಿಂದ ಟ್ಯೂಬ್ ದುಂಡಗೇ ಉಳಿಯುತ್ತದೆ. ಹಣ ಸುರಿಯಬೇಕಾದದ್ದು ಚೌಕಟ್ಟಿಗಲ್ಲ, ಡೈಗೆ. ಐದು ಸಾಧಾರಣ ಡೈಗಳಿಗಿಂತ ನೀವು ಹೆಚ್ಚು ಬಳಸುವ ಅಳತೆಯ ಒಂದೇ ಒಳ್ಳೆಯ ಡೈ ಮೇಲು.

ತಿರುವಿನ ತ್ರಿಜ್ಯವನ್ನು ಟ್ಯೂಬಿನ ನಡುಗೆರೆಗೆ ಅಳೆಯುತ್ತಾರೆ. ಅದು ಹೊರ ಅಳತೆಯ 3 ಪಟ್ಟಿಗಿಂತ ಕಡಿಮೆ ಬೇಡ. ನಾನು 4 ಪಟ್ಟು ಇಡುತ್ತೇನೆ, ಅಂದರೆ 25 ಮಿ.ಮೀ ಟ್ಯೂಬಿಗೆ 100 ಮಿ.ಮೀ. ಟ್ಯೂಬಿನ ತಗಡಿನ ದಪ್ಪ 2 ಮಿ.ಮೀ ಇದ್ದರೆ ಕಲಿಯುವವರಿಗೆ ಆರಾಮ. 1.2 ಮಿ.ಮೀಗೆ ಇಳಿದರೆ ಕೈ ಪಳಗಿರಬೇಕು. ಅದಕ್ಕಿಂತ ತೆಳುವಾದದ್ದನ್ನು ಬಿಗಿಯಾಗಿ ಬಾಗಿಸಲು ಒಳಗೆ ಮ್ಯಾಂಡ್ರೆಲ್ ಎಂಬ ಆಧಾರ ಬೇಕು, ಅದು ಮನೆಯ ಯಂತ್ರದಲ್ಲಿ ಇರುವುದಿಲ್ಲ.

ನೆಲಕ್ಕೆ ಬಿಗಿಯಿರಿ

ಬೆಂಡರನ್ನು ವರ್ಕ್‌ಬೆಂಚಿಗೆ ಬಿಗಿಯಬೇಡಿ. ಉದ್ದದ ಹಿಡಿ ಎಳೆದರೆ ಬೆಂಚೇ ತಿರುಗುತ್ತದೆ. ಕಾಂಕ್ರೀಟ್ ನೆಲಕ್ಕೆ ಆ್ಯಂಕರ್ ಬೋಲ್ಟ್ ಹಾಕಿ, ಅಂಚಿನಿಂದ ದೂರದಲ್ಲಿ. ಟ್ಯೂಬ್ ಎತ್ತ ಬೀಸುತ್ತದೆ ಅಂತ ಖಾಲಿ ಟ್ಯೂಬ್ ಹಿಡಿದು ಮೊದಲೇ ನೋಡಿಕೊಳ್ಳಿ.

ಮಾದರಿ ತುಂಡು

ಇಲ್ಲಿ ಮಾತ್ರ ಅವಸರ ಮಾಡಬೇಡಿ. ನಿಮ್ಮ ಬೆಂಡರ್, ನಿಮ್ಮ ಡೈ, ನಿಮ್ಮ ಟ್ಯೂಬ್ ಮೂರೂ ಸೇರಿದಾಗ ಏನಾಗುತ್ತದೆ ಅನ್ನುವುದು ಯಾವ ಪುಸ್ತಿಕೆಯಲ್ಲೂ ಇರುವುದಿಲ್ಲ. ಒಂದು ತುಂಡು ಹಾಳು ಮಾಡಿಯೇ ತಿಳಿಯಬೇಕು.

ಕೆಲಸಕ್ಕೆ ಬಳಸುವ ಅದೇ ಟ್ಯೂಬಿನಿಂದ ಸುಮಾರು 800 ಮಿ.ಮೀ ಕತ್ತರಿಸಿ. ಒಂದು ತುದಿಯಿಂದ 200 ಮಿ.ಮೀಗೆ ಸುತ್ತಲೂ ಗೆರೆ ಎಳೆಯಿರಿ. ಆ ತುದಿಯ ಕಡೆಗೆ ಬಾಣದ ಗುರುತು ಹಾಕಿ. ಬಾಣ ಯಾವಾಗಲೂ ಕೊಕ್ಕೆಯ ಕಡೆಗಿರಬೇಕು. ಸುಮ್ನೆ ಒಂದು ಬಾಣ ಅನ್ನಿಸಬಹುದು. ಆದರೆ ತಿರುಗುಮುರುಗಾಗಿ ಹಾಕಿ ಇಡೀ ಉದ್ದ ಕೆಡಿಸಿಕೊಂಡವರೇ ಜಾಸ್ತಿ. ಟ್ಯೂಬಿನೊಳಗೆ ಕಾಣುವ ಬೆಸುಗೆಯ ಗೆರೆ ತಿರುವಿನ ಬದಿಗೆ ಬರಲಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಬದಿಗೆ ಮಾತ್ರ ಎಳೆತ ಕಡಿಮೆ.

ಡೈಯ ತೋಡು ನೇರದಿಂದ ದುಂಡಗಾಗಲು ಶುರುವಾಗುವ ಜಾಗಕ್ಕೆ ಗೆರೆ ಕೂಡಿಸಿ. ಹೊರಗಿನ ಬ್ಲಾಕ್‌ಗೆ ಗ್ರೀಸ್ ಹಚ್ಚಿ, ಟ್ಯೂಬ್ ಅದರ ಮೇಲೆ ಜಾರಬೇಕು. ಡೈಗೂ ಕೊಕ್ಕೆಗೂ ಒಂದು ಹನಿಯೂ ತಾಗಬಾರದು, ಅಲ್ಲಿ ಜಾರಿದರೆ ಲೆಕ್ಕವೆಲ್ಲ ಹೋಯಿತು.

ಈಗ ಹಿಡಿ ನಿಧಾನವಾಗಿ ಎಳೆಯಿರಿ. ಸಡಿಲವೆಲ್ಲ ಹೋಗಿ ಟ್ಯೂಬ್ ಬಿಗಿಯಾದ ಕ್ಷಣ ನಿಲ್ಲಿಸಿ. ಇನ್ನೂ ಬಾಗಿರಬಾರದು. ಬೆಂಡರ್‌ನಲ್ಲಿ ಕೋನ ತೋರಿಸುವ ಮುಳ್ಳನ್ನು ಸೊನ್ನೆಗೆ ತರಬೇಕಾದದ್ದು ಆಗ, ಟ್ಯೂಬ್ ಹಾಕಿದ ಕೂಡಲೇ ಅಲ್ಲ. ಈ ಒಂದು ಹೆಜ್ಜೆ ಬಿಟ್ಟರೆ ಪ್ರತಿ ತಿರುವೂ ಒಂದೊಂದು ಕೋನಕ್ಕೆ ಬರುತ್ತದೆ. ಆಮೇಲೆ 'ಯಂತ್ರ ಸರಿಯಿಲ್ಲ' ಅನ್ನುತ್ತೇವೆ.

ಮುಳ್ಳು 90 ತೋರಿಸುವ ತನಕ ಒಂದೇ ಸಮನೆ ಎಳೆದು ಸಡಿಲಿಸಿ. ಟ್ಯೂಬ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಕೋನ ಅಳೆದರೆ 86 ಬಂತು ಅನ್ನಿ. ಅಂದರೆ ಮುಳ್ಳು 94ಕ್ಕೆ ಹೋಗಬೇಕು. ತುಂಡನ್ನು ತೆಗೆಯದೆ ಮತ್ತೆ ಎಳೆದು ಸರಿಯಾಗಿ 90ಕ್ಕೆ ತನ್ನಿ. ಸ್ಟೇನ್‌ಲೆಸ್ ಇನ್ನೂ ಜಾಸ್ತಿ ಚಿಮ್ಮುತ್ತದೆ. ಹೊಸ ಮಾಲು ತಂದಾಗೆಲ್ಲ ಇದನ್ನು ಮತ್ತೆ ನೋಡಬೇಕು.

ಮುಂದಿನದು ಎಲ್ಲರೂ ಬಿಟ್ಟುಬಿಡುವ ಅಳತೆ. 200 ಮಿ.ಮೀ ಬಿಟ್ಟ ತುದಿಯಿಂದ ಇನ್ನೊಂದು ಕಾಲಿನ, ಅಂದರೆ ತಿರುವಿನಾಚೆಯ ನೇರ ಭಾಗದ, ಹೊರಬೆನ್ನಿನ ತನಕ ಅಳೆಯಿರಿ. ಲೆಕ್ಕದ ಪ್ರಕಾರ ಅದು 200, ತ್ರಿಜ್ಯದ 100, ಟ್ಯೂಬಿನ ಅರ್ಧ 12.5 ಸೇರಿ 312.5 ಇರಬೇಕು. 316 ಬಂದರೆ ತಿರುವು ನಿಮ್ಮ ಗೆರೆಗಿಂತ 3.5 ಮಿ.ಮೀ ಆಚೆ ಶುರುವಾಗುತ್ತಿದೆ. ಇನ್ನು ಮೇಲೆ ಪ್ರತಿ ಗೆರೆಯನ್ನೂ ಬಾಣದ ಕಡೆಗೆ 3.5 ಮಿ.ಮೀ ಸರಿಸಿ ಎಳೆಯಿರಿ. ಮುಳ್ಳು ಹೋಗಬೇಕಾದ ಕೋನ, ಗೆರೆ ಸರಿಸುವ ಅಳತೆ, ಈ ಎರಡು ಅಂಕಿಗಳನ್ನು ಡೈ ಮೇಲೆಯೇ ಪೇಂಟ್‌ನಲ್ಲಿ ಬರೆದಿಟ್ಟಿದ್ದೇನೆ, ಚೀಟಿ ಕಳೆಯುತ್ತದೆ.

ಒಳಬದಿಯಲ್ಲಿ ಸುಕ್ಕು ಬಂದಿದ್ದರೆ ಅಥವಾ ತಿರುವು ಚಪ್ಪಟೆಯಾಗಿದ್ದರೆ ಬ್ಲಾಕ್ ಸಡಿಲವಿದೆಯೇ ಅಂತ ನೋಡಿ. ಬಿಗಿ ಮಾಡಿದರೂ ಹಾಗೇ ಇದ್ದರೆ ಟ್ಯೂಬ್ ತೀರಾ ತೆಳು.

ಮರಳು ತುಂಬುವ ಉಪಾಯ

ಬೆಂಡರ್ ಯಾಕೆ, ಮರಳು ತುಂಬಿ ಕಾಯಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕು, ಒಂದೆರಡು ತಿರುವಿಗೆ. ಆದರೆ ಮರಳು ಚೆನ್ನಾಗಿ ಒಣಗಿರಬೇಕು. ಎರಡೂ ಬಾಯಿ ಮುಚ್ಚಿದ ಟ್ಯೂಬಿನಲ್ಲಿ ತೇವ ಇದ್ದರೆ ಅದು ಹಬೆಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ. ಸತುವಿನ ಲೇಪ ಇರುವ ಟ್ಯೂಬನ್ನು ಕಾಯಿಸಲೇಬೇಡಿ, ಆ ಹೊಗೆ ಕುಡಿದರೆ ಜ್ವರ ಹಿಡಿಯುತ್ತದೆ.

ಇನ್ನು ನಿಜವಾದ ಕೆಲಸ

ಎರಡು ಕಾಲಿನ ಒಂದು ತಿರುವು, ಹೊರ ಅಳತೆ 400 ಮತ್ತು 300 ಅಂದುಕೊಳ್ಳಿ. ಎರಡರಿಂದಲೂ ತ್ರಿಜ್ಯ ಮತ್ತು ಟ್ಯೂಬಿನ ಅರ್ಧ ಸೇರಿದ 112.5 ಕಳೆಯಿರಿ: 287.5 ಮತ್ತು 187.5. ತಿರುವಿನ ಉದ್ದಕ್ಕೆ ತ್ರಿಜ್ಯವನ್ನು 1.57ರಿಂದ ಗುಣಿಸಿ: 157. ಒಟ್ಟು 632 ಮಿ.ಮೀ. ಮೊದಲ ಗೆರೆ 287.5ಕ್ಕೆ, ಅದರಿಂದ ನಿಮ್ಮ 3.5 ಕಳೆದರೆ 284.

ಎರಡನೆಯ ತಿರುವು ಇದ್ದರೆ ಟ್ಯೂಬಿನ ಉದ್ದಕ್ಕೂ ಒಂದು ನೇರ ಗೆರೆ ಎಳೆದಿಡಿ. ಮೊದಲ ಕಾಲಿನ ಮೇಲೆ ಲೆವೆಲ್ ಇಟ್ಟು ನೋಡಿಕೊಂಡೇ ಹಿಡಿ ಎಳೆಯಿರಿ, ಇಲ್ಲದಿದ್ದರೆ ಕುರ್ಚಿ ಮೂರೇ ಕಾಲಿನ ಮೇಲೆ ನಿಲ್ಲುತ್ತದೆ. ಎರಡು ತಿರುವುಗಳ ನಡುವೆ ಕೊಕ್ಕೆ ಹಿಡಿಯುವಷ್ಟು ನೇರ ಜಾಗ ಬಿಟ್ಟಿದ್ದೀರಾ ಅಂತ ನಕ್ಷೆಯಲ್ಲೇ ನೋಡಿ.

632 ಬಂತು ಅಂತ 632ಕ್ಕೇ ಕತ್ತರಿಸಬೇಡಿ. ಬ್ಲಾಕ್‌ಗೆ ಹಿಡಿಯಲು ಕೊನೆಯ ತನಕ ಬಾಲ, ಅಂದರೆ ಕೊಕ್ಕೆಯಿಲ್ಲದ ಕಡೆಯ ತುದಿ, ಬೇಕು. ಬಾಲದ ಕಡೆ ಒಂದು ಗೇಣು ಜಾಸ್ತಿ ಬಿಟ್ಟು, ಬಾಗಿಸಿ, ಇನ್ನೊಮ್ಮೆ ಅಳೆದು, ಆಮೇಲೆ ಗರಗಸ ಹಿಡಿಯಿರಿ.